ತವರಿನ ಬಾಣಂತನವೂ ದುಡಿಮೆಯ ರಜೆಯೂ

ನಮ್ಮ ಮನೆತನಗಳಲ್ಲಿ ಚೊಚ್ಚಲ ಗರ್ಭಿಣಿಗೆ ಕುಬುಸ ಮಾಡಿ, ಉಡಿ ತುಂಬಿ, ಹೆರಿಗೆಗೆಂದು ತವರಿಗೆ ಕರೆದೊಯ್ಯುವುದು ತಲೆತಲಾಂತರದಿಂದ ನಡೆದುಬಂದ ರೂಢಿ. ಹೆರಿಗೆಯಾದ ಬಳಿಕ ಮೂರು ತಿಂಗಳೋ ಐದು ತಿಂಗಳೋ ತಾಯಿಯಾದವಳು ತವರಿನಲ್ಲಿಯೇ ಉಳಿಯುತ್ತಾಳೆ. ಎಣ್ಣೆ ನೀರು, ಹೊರಸಿನ ಕೆಳಗಿನ ಕೆಂಡದ ಕಾವು, ಅಳವಿಯ ಪಾಯಸ, ಅಂಟಿನ ಉಂಡೆ, ಬೆಳ್ಳುಳ್ಳಿಯ ಖಾರ ಎಲ್ಲವೂ ಅವಳ ಪಾಲಿಗೆ ಮೀಸಲು. ಹಸಿ ಬಾಣಂತಿಯ ಕೈಗೆ ಕಸಬರಿಗೆ ಕೊಡುವ, ಅವಳ ತಲೆಯ ಮೇಲೆ ಕೊಡ ಹೊರಿಸುವ ಮನೆಯನ್ನು ಊರು ಒಳ್ಳೆಯ ಮಾತಿನಿಂದ ನೆನೆಯುತ್ತಿರಲಿಲ್ಲ.

ಈ ರೂಢಿಯೊಳಗೆ ಮೂರು ವಿವೇಕಗಳು ಅಡಗಿವೆ. ಹೆತ್ತವಳಿಗೆ ವಿಶ್ರಾಂತಿ ದೊರೆಯಬೇಕು. ವಿಶ್ರಾಂತಿಯ ಕಾಲದಲ್ಲಿ ಅವಳ ಅನ್ನಕ್ಕೆ ಕೊರತೆ ಬರಬಾರದು. ಬಾಣಂತನ ಮುಗಿಸಿಕೊಂಡು ಬಂದಾಗ ಗಂಡನ ಮನೆಯಲ್ಲಿ ಅವಳ ಸ್ಥಾನ ಅವಳಿಗಾಗಿ ಕಾದಿರಬೇಕು. ಇಂದಿನ ಕಾರ್ಮಿಕ ಕಾನೂನು ಇವೇ ಮೂರು ಮಾತುಗಳನ್ನು ತನ್ನ ಪರಿಭಾಷೆಯಲ್ಲಿ ಹೇಳುತ್ತದೆ: ರಜೆ, ರಜೆಯ ಕಾಲದ ವೇತನ, ಮರಳಿ ಬಂದಾಗ ಅದೇ ಕೆಲಸ.

ನಮ್ಮ ಹೆಣ್ಣುಮಕ್ಕಳು ಈಗ ಶಾಲೆಯಲ್ಲಿ ಪಾಠ ಹೇಳುತ್ತಾರೆ, ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಾರೆ, ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುತ್ತಾರೆ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಹಾಕುತ್ತಾರೆ. ತವರುಮನೆ ಅವರಿಗೆ ಎಣ್ಣೆ ನೀರನ್ನು ಕೊಡಬಲ್ಲದು. ತಿಂಗಳ ಸಂಬಳವನ್ನು ಕೊಡಲಾರದು, ಅವರ ಕುರ್ಚಿಯನ್ನು ಕಾಯಲಾರದು. ಆ ಭಾಗವನ್ನು ದುಡಿಮೆಯ ಸ್ಥಳವೇ ಹೊರಬೇಕು. ಆದರೆ ಹೆರಿಗೆಯ ರಜೆ ಕೇಳುವಾಗ ಇಂದಿಗೂ ನಮ್ಮ ಹೆಣ್ಣುಮಕ್ಕಳು ಸಾಲ ಕೇಳುವವರಂತೆ ತಲೆತಗ್ಗಿಸಿ ನಿಲ್ಲುತ್ತಾರೆ. ಕೊಡುವವರು ದಾನ ಕೊಡುವವರಂತೆ ಕೊಡುತ್ತಾರೆ. ಈ ಮಾಸಪತ್ರಿಕೆಯನ್ನು ಓದುವ ಕುಟುಂಬಗಳಲ್ಲಿ ಸಂಬಳ ಪಡೆಯುವವರೂ ಇದ್ದಾರೆ, ಸಂಬಳ ಕೊಡುವವರೂ ಇದ್ದಾರೆ. ಇಬ್ಬರೂ ತಿಳಿಯಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಕಾನೂನು ನಡೆದುಬಂದ ದಾರಿ

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆಯ ಮುನ್ನ ಮತ್ತು ಅನಂತರ ದುಡಿಯುವ ಸ್ತ್ರೀಗೆ ವಿಶ್ರಾಂತಿ ಕೊಡಬೇಕೆಂಬ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಮೊದಲು ಕಾನೂನಿನ ರೂಪ ದೊರೆತದ್ದು ಮುಂಬಯಿ ಪ್ರಾಂತದಲ್ಲಿ. 1928ರಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ರಾಷ್ಟ್ರದ ಹಿತ, ಆದುದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರ್ಕಾರ ಹೊರಬೇಕು, ಆದರೆ ಸ್ತ್ರೀಯರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಅದರಿಂದ ಪೂರ್ತಿ ನುಣುಚಿಕೊಳ್ಳಲಾಗದು ಎಂಬುದು ಅವರ ವಾದದ ತಿರುಳು. 1929ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ ಜಾರಿಗೆ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವೆಂಬುದನ್ನು ವಾಚಕರು ನೆನೆಯಬಹುದು.

ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನದ 42ನೆಯ ವಿಧಿಯು, ದುಡಿಮೆಯ ನ್ಯಾಯಯುತ ಹಾಗೂ ಮಾನವೀಯ ಪರಿಸ್ಥಿತಿಗಳಿಗೂ ಹೆರಿಗೆಯ ಸೌಲಭ್ಯಕ್ಕೂ ರಾಜ್ಯವು ಏರ್ಪಾಡು ಮಾಡಬೇಕೆಂದು ನಿರ್ದೇಶಿಸಿತು. 1961ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆಯನ್ನು ಮಾಡಿತು. ಆಗ ವೇತನಸಹಿತ ರಜೆಯ ಅವಧಿ 12 ವಾರ. 2017ರ ತಿದ್ದುಪಡಿಯಿಂದ ಅದು 26 ವಾರಗಳಿಗೆ ಏರಿತು. 2020ರಲ್ಲಿ ಈ ಕಾಯಿದೆಯೂ ಸೇರಿದಂತೆ ಒಂಬತ್ತು ಕಾಯಿದೆಗಳನ್ನು ಒಂದುಗೂಡಿಸಿ ಸಾಮಾಜಿಕ ಭದ್ರತಾ ಸಂಹಿತೆಯನ್ನು ರಚಿಸಲಾಯಿತು. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕಾಯಿದೆಯ ಹೆಸರು ಬದಲಾಯಿತು, ಹೆರಿಗೆಯ ಸೌಲಭ್ಯಗಳು ಹಾಗೆಯೇ ಉಳಿದವು.

ಇಂದು ದೊರೆಯುವುದೇನು?

ಕಾರ್ಖಾನೆ, ಗಣಿ, ತೋಟಗಳಲ್ಲಿಯೂ ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ ಮತ್ತು ಸಂಸ್ಥೆಗಳಲ್ಲಿಯೂ ಈ ಹಕ್ಕು ಅನ್ವಯಿಸುತ್ತದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ. ಅದರಲ್ಲಿ ಹೆರಿಗೆಗೆ ಮುನ್ನ ಹೆಚ್ಚೆಂದರೆ 8 ವಾರಗಳನ್ನು ಬಳಸಿಕೊಳ್ಳಬಹುದು. ಇಬ್ಬರು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಗೆ 12 ವಾರ, ಅದರಲ್ಲಿ ಮುನ್ನ 6 ವಾರ. ಕೂಸನ್ನು ದತ್ತು ಪಡೆದ ತಾಯಿಗೂ 12 ವಾರಗಳ ರಜೆಯನ್ನು 2017ರ ತಿದ್ದುಪಡಿ ತಂದಿತು. ಗರ್ಭಪಾತವಾದರೆ 6 ವಾರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ, ಗರ್ಭ ಅಥವಾ ಹೆರಿಗೆಯಿಂದ ಉಂಟಾದ ಕಾಯಿಲೆಗೆ ಮತ್ತೊಂದು ತಿಂಗಳವರೆಗೆ ರಜೆ ಉಂಟು.

ಗರ್ಭಪಾತದ ರಜೆಯನ್ನು ಕೇಳಲು ನಮ್ಮ ಹೆಣ್ಣುಮಕ್ಕಳು ಸಂಕೋಚಪಡುತ್ತಾರೆ. ಹೊಟ್ಟೆಯ ಕೂಸನ್ನು ಕಳೆದುಕೊಂಡವಳು ಮೂರನೆಯ ದಿನವೇ ಕೆಲಸಕ್ಕೆ ಹಾಜರಾಗುವುದನ್ನು ಕಂಡಿದ್ದೇವೆ. ಆ ದುಃಖಕ್ಕೂ ಆ ದೇಹಕ್ಕೂ ಕಾನೂನು ಆರು ವಾರ ಕೊಟ್ಟಿದೆ ಎಂಬುದು ಪ್ರತಿಯೊಂದು ಮನೆಗೂ ತಿಳಿದಿರಲಿ.

ಹೆರಿಗೆಯಾದ ಮೊದಲ ಆರು ವಾರ ಆಕೆಯನ್ನು ದುಡಿಸಿಕೊಳ್ಳುವುದೇ ನಿಷಿದ್ಧ. ಮುಂಗಡ ರಜೆಯ ವೇತನವನ್ನು ಗರ್ಭದ ಪ್ರಮಾಣಪತ್ರ ಕಂಡಕೂಡಲೇ ಕೊಡಬೇಕು. ಉಳಿದದ್ದನ್ನು ಹೆರಿಗೆಯ ಪ್ರಮಾಣಪತ್ರ ಕೊಟ್ಟ 48 ಗಂಟೆಗಳೊಳಗೆ ಸಲ್ಲಿಸಬೇಕು. ರಜೆಯಲ್ಲಿರುವವಳನ್ನು ಆ ಕಾರಣದಿಂದ ಕೆಲಸದಿಂದ ತೆಗೆಯುವುದಾಗಲಿ, ಅವಳಿಗೆ ಹಾನಿಯಾಗುವಂತೆ ಸೇವಾ ನಿಯಮಗಳನ್ನು ಬದಲಿಸುವುದಾಗಲಿ ಸಲ್ಲದು. ಮರಳಿ ಬಂದ ಮೇಲೆ ಕೂಸಿಗೆ ಹದಿನೈದು ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಬಿಡುವು ಇರಬೇಕು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಕೂಸಿನ ಮನೆ ಇರಬೇಕು. ತಾಯಿಯು ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು.

ಕಾಯಿಲೆಯ ರಜೆ

ಮನುಷ್ಯನ ದೇಹ ಹೆರಿಗೆಯಲ್ಲಿ ಮಾತ್ರವೇ ದಣಿಯುವುದಿಲ್ಲ. ನೌಕರರ ರಾಜ್ಯ ವಿಮಾ ಯೋಜನೆ, ಜನರ ಬಾಯಲ್ಲಿ ಇ.ಎಸ್.ಐ., 1948ರ ಕಾಯಿದೆಯಿಂದ ಹುಟ್ಟಿ ಈಗ ಹೊಸ ಸಂಹಿತೆಯಡಿ ಮುಂದುವರಿದಿದೆ. ಇದರ ವ್ಯಾಪ್ತಿಗೆ ಸೇರುವ ನೌಕರರ ಮಾಸಿಕ ವೇತನದ ಮಿತಿ 2017ರ ಜನವರಿಯಿಂದ ₹21,000 ಎಂದು ನಿಗದಿಯಾಯಿತು. 2019ರ ಜುಲೈಯಿಂದ ನೌಕರನ ವಂತಿಗೆ ವೇತನದ ಶೇಕಡ 0.75, ಮಾಲೀಕನದು ಶೇಕಡ 3.25. ಈ ವಂತಿಗೆಗೆ ಪ್ರತಿಯಾಗಿ ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ನೌಕರನು ಕಾಯಿಲೆ ಬಿದ್ದು ದುಡಿಯಲಾರದೆ ಹೋದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ನಗದು ಸಿಗುತ್ತದೆ. ಕ್ಷಯ, ಅರ್ಬುದ ಮುಂತಾದ ದೀರ್ಘಕಾಲದ ರೋಗಗಳಿಗೆ ಶೇಕಡ 80ರ ದರದಲ್ಲಿ ಎರಡು ವರ್ಷಗಳವರೆಗೂ ನೆರವು ಮುಂದುವರಿಯಬಹುದು. ವಿಮೆಯುಳ್ಳ ಮಹಿಳೆಗೆ ಹೆರಿಗೆಯ 26 ವಾರಗಳ ಪೂರ್ಣ ವೇತನವನ್ನು ನಿಗಮವೇ ಕೊಡುತ್ತದೆ.

ಅಂಗಡಿ, ಕಚೇರಿ, ಹೋಟೆಲುಗಳಲ್ಲಿ ದುಡಿಯುವವರಿಗೆ ನಮ್ಮ ರಾಜ್ಯದ್ದೇ ಆದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ವರ್ಷಕ್ಕೆ 12 ದಿನಗಳವರೆಗೆ ಕಾಯಿಲೆಯ ರಜೆಯನ್ನು ವೇತನಸಹಿತವಾಗಿ ಕೊಡಿಸಿದೆ. ಪೇಟೆಯಲ್ಲಿ ಕಿರಾಣಿ, ಬಟ್ಟೆ ಅಥವಾ ಔಷಧದ ಅಂಗಡಿ ಇಟ್ಟಿರುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿ ಈ ಹನ್ನೆರಡು ದಿನಗಳ ಲೆಕ್ಕವನ್ನು ಇಟ್ಟಿದ್ದಾರೆಂದು ತಮ್ಮನ್ನೇ ಕೇಳಿಕೊಳ್ಳಲಿ. ಜ್ವರ ಬಂದ ಹುಡುಗನ ದಿನಗೂಲಿಯನ್ನು ಹಿಡಿದುಕೊಂಡರೆ ಉಳಿಯುವ ಹಣ ನಮ್ಮದಲ್ಲ, ಅವನದು.

ನ್ಯಾಯಾಲಯಗಳ ಮಾತು

ಕಾನೂನಿನ ಅಕ್ಷರವನ್ನು ಇಕ್ಕಟ್ಟಾಗಿ ಅರ್ಥಮಾಡಿ ಹಕ್ಕನ್ನು ಕಿರಿದುಗೊಳಿಸಲು ಹೊರಟಾಗಲೆಲ್ಲ ಸರ್ವೋಚ್ಚ ನ್ಯಾಯಾಲಯವು ತಾಯಿಯ ಪಕ್ಷವನ್ನು ವಹಿಸಿದೆ. ವಾರಕ್ಕೆ ಆರು ದಿನದ ಸಂಬಳವಷ್ಟೇ ಸಲ್ಲುವುದು, ಭಾನುವಾರಕ್ಕೆ ಇಲ್ಲ ಎಂಬ ತಮಿಳುನಾಡಿನ ತೋಟವೊಂದರ ವಾದವನ್ನು ಅದು 1977ರಲ್ಲಿ ಒಪ್ಪಲಿಲ್ಲ. ವಾರವೆಂದರೆ ಏಳು ದಿನ ಎಂದಿತು. ದೆಹಲಿ ನಗರಪಾಲಿಕೆಯಲ್ಲಿ ದಿನಗೂಲಿಯ ಮೇಲೆ ರಸ್ತೆ, ಕಟ್ಟಡಗಳ ಕೆಲಸ ಮಾಡುತ್ತಿದ್ದ ಸ್ತ್ರೀಯರಿಗೆ, ಅವರು ಖಾಯಂ ಅಲ್ಲವೆಂಬ ನೆಪದಿಂದ, ಹೆರಿಗೆಯ ಸೌಲಭ್ಯವನ್ನು ನಿರಾಕರಿಸಲಾಗಿತ್ತು. ಬಸುರಿಯ ಮೈ ಖಾಯಂ ನೌಕರಳಿಗೂ ದಿನಗೂಲಿಯವಳಿಗೂ ಒಂದೇ ಬಗೆಯಾಗಿ ದಣಿಯುತ್ತದೆಯಲ್ಲವೇ? 2000ದ ಮಾರ್ಚ್ 8ರಂದು ನ್ಯಾಯಾಲಯವು ದಿನಗೂಲಿಯವರಿಗೂ ಈ ಹಕ್ಕು ಸಲ್ಲುತ್ತದೆಂದು ತೀರ್ಪಿತ್ತಿತು.

ಗುತ್ತಿಗೆಯ ಅವಧಿ ಮುಗಿಯಿತೆಂದು ವೈದ್ಯೆಯೊಬ್ಬರ ಹೆರಿಗೆಯ ಸೌಲಭ್ಯವನ್ನು ಮೊಟಕುಗೊಳಿಸಿದ ಪ್ರಕರಣದಲ್ಲಿ, ಗುತ್ತಿಗೆ ಮುಗಿದ ಮೇಲೂ ಸೌಲಭ್ಯ ಪೂರ್ತಿಯಾಗಿ ಸಲ್ಲಬೇಕೆಂದು 2023ರಲ್ಲಿ ತೀರ್ಪಾಯಿತು. ಮೊದಲ ವಿವಾಹದಿಂದ ಇಬ್ಬರು ಮಕ್ಕಳಿದ್ದ ತಮಿಳುನಾಡಿನ ಸರ್ಕಾರಿ ಶಿಕ್ಷಕಿಯೊಬ್ಬರಿಗೆ ಮರುವಿವಾಹದ ಬಳಿಕದ ಹೆರಿಗೆಗೆ ರಜೆ ನಿರಾಕರಿಸಲಾಗಿತ್ತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪು ಕೊಟ್ಟು, ಹೆರಿಗೆಯ ರಜೆಯು ಸ್ತ್ರೀಯ ಸಂತಾನದ ಹಕ್ಕುಗಳ ಅವಿಭಾಜ್ಯ ಅಂಗವೆಂದು ಹೇಳಿತು.

ಸಂಬಳ ಕೊಡುವ ಕೈಗಳಿಗೆ

ನಮ್ಮ ಸಮಾಜ ಕಟ್ಟಿದ ವಿದ್ಯಾಸಂಸ್ಥೆಗಳು, ಆಸ್ಪತ್ರೆಗಳು, ಸಹಕಾರಿ ಸಂಘಗಳು ನಾಡಿಗೆಲ್ಲ ಹೆಸರಾದವು. ಅವುಗಳಲ್ಲಿ ದುಡಿಯುವ ಸ್ತ್ರೀಯರ ಸಂಖ್ಯೆಯೂ ದೊಡ್ಡದು. ಆದುದರಿಂದ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಶಿಕ್ಷಣ ಸಂಸ್ಥೆಯೊಂದರ ಆಡಳಿತ ಮಂಡಳಿಯ ಸಭೆಗೆ ಆಹ್ವಾನಿತರಾಗಿ ಹೋಗಿದ್ದೆವು. ಊರಿನ ಹೆಸರೂ ಸಂಸ್ಥೆಯ ಹೆಸರೂ ಇಲ್ಲಿ ಬೇಡ. ನಾಲ್ಕೂವರೆ ವರ್ಷ ಕನ್ನಡ ಪಾಠ ಹೇಳಿದ ಶಿಕ್ಷಕಿಯೊಬ್ಬರ ಹೆರಿಗೆ ರಜೆಯ ಅರ್ಜಿ ಮೇಜಿನ ಮೇಲಿತ್ತು. ಅದರ ಕೆಳಗೆ, ಆಕೆ ಕೆಲಸಕ್ಕೆ ಸೇರಿದ ದಿನವೇ ಬರೆಯಿಸಿಕೊಂಡಿದ್ದ, ತಾರೀಖಿಲ್ಲದ ರಾಜೀನಾಮೆಯ ಪತ್ರವೂ ಇತ್ತು. ತಾರೀಖು ಹಾಕಿದರೆ ಮುಗಿಯಿತೆಂದು ಒಬ್ಬರು. ಇನ್ನು ಮುಂದೆ ಮದುವೆಯಾಗದವರನ್ನೇ ತೆಗೆದುಕೊಳ್ಳೋಣವೆಂದು ಮತ್ತೊಬ್ಬರು. “ತಮ್ಮ ಮಗಳ ಬಾಣಂತನ ಎಷ್ಟು ತಿಂಗಳಿನದಾಯಿತು, ಯಜಮಾನರೇ?” ಎಂದು ನಾವು ಕೇಳಿದೆವು. “ಐದು ತಿಂಗಳು, ಬುದ್ಧಿ,” ಎಂದರು. ಮುಂದೆ ಯಾರೂ ಮಾತನಾಡಲಿಲ್ಲ. ಆದರೂ ಆ ಪತ್ರಕ್ಕೆ ತಾರೀಖು ಬಿತ್ತೆಂದು ಆಮೇಲೆ ತಿಳಿಯಿತು. ಆಕೆ ಮರುವರ್ಷ ಬೇರೊಂದು ಶಾಲೆಯಲ್ಲಿ ಹೊಸಬಳಾಗಿ, ಕಡಿಮೆ ಸಂಬಳಕ್ಕೆ ಸೇರಿಕೊಂಡಳು.

ಆಕೆ ಕಳೆದುಕೊಂಡದ್ದು ಆರು ತಿಂಗಳ ಸಂಬಳವೊಂದನ್ನೇ ಅಲ್ಲ. ಐದು ವರ್ಷದ ಅಖಂಡ ಸೇವೆಗೆ ಸಲ್ಲುವ ಉಪದಾನ, ಎಂದರೆ ಗ್ರಾಚ್ಯುಟಿ, ಅದೂ ಹೋಯಿತು. 26 ವಾರಗಳ ಹೆರಿಗೆ ರಜೆಯನ್ನು ಅಖಂಡ ಸೇವೆಯೆಂದೇ ಗಣಿಸಬೇಕೆಂಬ ನಿಯಮ 2018ರಿಂದ ಇದೆ. ಖಾಸಗಿ ವಿದ್ಯಾಸಂಸ್ಥೆಗಳಿಗೆ ಹೆರಿಗೆಯ ಕಾಯಿದೆ ಅನ್ವಯಿಸುತ್ತದೆಯೇ ಎಂಬ ಗೊಂದಲವನ್ನು ಮುಂದಿಟ್ಟು ಜಾರಿಕೊಳ್ಳುವವರುಂಟು. ನೆರೆಯ ಕೇರಳ ಸರ್ಕಾರವು 2020ರಲ್ಲಿಯೇ ಅಧಿಸೂಚನೆ ಹೊರಡಿಸಿ ತನ್ನ ಖಾಸಗಿ ವಿದ್ಯಾಸಂಸ್ಥೆಗಳಿಗೆ ಅದನ್ನು ಅನ್ವಯಿಸಿತು. ಸಮಾಜದ ಕಾಣಿಕೆಯಿಂದ ಬೆಳೆದ ಸಂಸ್ಥೆಗಳು ಅಧಿಸೂಚನೆಗೆ ಕಾಯಬೇಕೇ? ಗರ್ಭಿಣಿಯಿಂದ ರಾಜೀನಾಮೆ ಬರೆಯಿಸಿಕೊಳ್ಳುವ ಪದ್ಧತಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದು ಇಂದೇ ನಿಲ್ಲಬೇಕು.

ಆರು ತಿಂಗಳ ಸಂಬಳ ಸಣ್ಣ ಮಾಲೀಕನಿಗೆ ಭಾರವಲ್ಲವೇ ಎಂಬ ಪ್ರಶ್ನೆಗೆ ಅರ್ಥವಿದೆ. ಅದಕ್ಕೆ ಉತ್ತರವೂ ಕಾನೂನಿನಲ್ಲಿಯೇ ಇದೆ. ತಿಂಗಳಿಗೆ ₹15,000 ಪಡೆಯುವ ನೌಕರಳ ಆರು ತಿಂಗಳ ವೇತನ ₹90,000. ಅವಳನ್ನು ಇ.ಎಸ್.ಐ.ಗೆ ಸೇರಿಸಿದರೆ ಮಾಲೀಕನ ಪಾಲಿನ ವಂತಿಗೆ ತಿಂಗಳಿಗೆ ₹487.50, ಹೆರಿಗೆ ಬಂದಾಗ ಆ ತೊಂಬತ್ತು ಸಾವಿರವನ್ನು ನಿಗಮ ಭರಿಸುತ್ತದೆ. ಹದಿನೈದು ವರ್ಷ ಕಟ್ಟಿದ ವಂತಿಗೆಯೂ ಆ ಮೊತ್ತವನ್ನು ಮುಟ್ಟುವುದಿಲ್ಲ. ಹತ್ತು ಜನ ನೌಕರರಿದ್ದರೆ ನೋಂದಣಿ ಕಡ್ಡಾಯ. ಕಡಿಮೆ ಇದ್ದರೂ ಸ್ವಇಚ್ಛೆಯಿಂದ ಸೇರಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಹಲವರು ಸ್ವಲ್ಪ ಸ್ವಲ್ಪ ಹಾಕಿ ಒಬ್ಬರ ಕಷ್ಟಕಾಲವನ್ನು ಸಾಗಿಸುವ ಈ ಏರ್ಪಾಡು ದಾಸೋಹವನ್ನು ಬಲ್ಲ ಸಮಾಜಕ್ಕೆ ಹೊಸದೇನಲ್ಲ. ನೋಂದಣಿಯನ್ನು ತಪ್ಪಿಸಿಕೊಳ್ಳುವ ಮಾಲೀಕನು ನೌಕರಳಿಗೆ ಅನ್ಯಾಯ ಮಾಡುವುದರೊಡನೆ ತನ್ನ ತಲೆಯ ಮೇಲೂ ಭಾರ ಎಳೆದುಕೊಳ್ಳುತ್ತಾನೆ.

ಕಾಯಕವನ್ನೇ ನೆಚ್ಚಿದ ಸಮಾಜದಲ್ಲಿ ದುಡಿಯದ ದಿನಕ್ಕೆ ಸಂಬಳವೇಕೆಂದು ಕೇಳುವವರೂ ಇದ್ದಾರೆ. ಹೆರುವುದು, ಹಾಲೂಡಿಸುವುದು, ರಾತ್ರಿಯಿಡೀ ಎಚ್ಚರವಿದ್ದು ಕೂಸನ್ನು ಸಾಕುವುದು ಕಾಯಕವಲ್ಲವೆಂದು ಹೇಳಿದವರಾರು? ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದ ಕೆಲಸವೊಂದೇ ಕಾಯಕವೆನ್ನುವುದು ಆ ಶಬ್ದಕ್ಕೆ ಮಾಡುವ ಅಪಚಾರ.

ತಂದೆಗೆ ರಜೆ ಬೇಡವೇ?

ಹೆರಿಗೆಯ ಮನೆಯಲ್ಲಿ ಗಂಡಸಿಗೇನು ಕೆಲಸ ಎಂಬುದು ಹಳೆಯ ಮಾತು. ಅವಿಭಕ್ತ ಕುಟುಂಬದಲ್ಲಿ ಅತ್ತೆ, ಅತ್ತಿಗೆ, ಚಿಕ್ಕವ್ವ, ಸೋದರತ್ತೆಯರು ಇದ್ದಾಗ ಆ ಮಾತು ನಡೆಯುತ್ತಿತ್ತು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಇರುವಾಗ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ, ಇಬ್ಬರು ಮಕ್ಕಳ ಮಿತಿಯೊಳಗೆ, 15 ದಿನಗಳ ಪಿತೃತ್ವ ರಜೆ ಇದೆ. ನಮ್ಮ ರಾಜ್ಯ ಸರ್ಕಾರದ ನೌಕರರಿಗೂ 15 ದಿನಗಳು ದೊರೆಯುತ್ತವೆ. ಕೇಂದ್ರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯಲ್ಲದೆ, ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ ಒಟ್ಟು 730 ದಿನಗಳವರೆಗಿನ ರಜೆ 2008ರಿಂದ ಇದೆ. ಆದರೆ ಖಾಸಗಿ ಉದ್ಯೋಗದಲ್ಲಿರುವ ತಂದೆಗೆ ರಜೆ ಕೊಡಿಸುವ ಕೇಂದ್ರ ಕಾಯಿದೆ ಇಲ್ಲ. ಹಾಸಿಗೆ ಹಿಡಿದ ತಂದೆತಾಯಿಗಳ ಆರೈಕೆಗೆಂದು ಖಾಸಗಿ ನೌಕರನಿಗೆ ಪ್ರತ್ಯೇಕ ರಜೆಯೂ ಇಲ್ಲ. ಗಳಿಕೆ ರಜೆಯನ್ನೇ ಬಳಸಬೇಕು. ಅಲ್ಲಿ ಮಾಲೀಕನ ಅಂತಃಕರಣವೇ ಕಾನೂನು.

ಹೊರದೇಶದಲ್ಲೆಲ್ಲ ಇದಕ್ಕಿಂತ ಉತ್ತಮವಿದೆ ಎಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆಂದು ನಮ್ಮ ಎಷ್ಟೋ ತಾಯಂದಿರು ಅಳವಿ, ಅಂಟುಗಳ ಗಂಟು ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಅಲ್ಲಿನ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯಿದೆಯು ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, ವರ್ಷವೊಂದರಲ್ಲಿ 1,250 ಗಂಟೆ ದುಡಿದವರಿಗೆ, 12 ವಾರಗಳ ರಜೆಯನ್ನು ಕೊಡುತ್ತದೆ. ಆದರೆ ವೇತನವನ್ನು ಕೊಡಿಸುವುದಿಲ್ಲ. ವೇತನಸಹಿತ ರಜೆಯನ್ನು ಕೆಲವು ಸಂಸ್ಥಾನಗಳು ತಾವಾಗಿ ತಂದಿವೆ. 2004ರಲ್ಲಿ ಕ್ಯಾಲಿಫೋರ್ನಿಯ ಮೊದಲ ಹೆಜ್ಜೆ ಇಟ್ಟಿತು. ಆ ಕಾಯಿದೆಯಲ್ಲಿ ನಾವು ಕಲಿಯತಕ್ಕ ಒಂದು ಗುಣವೂ ಇದೆ. ಅಲ್ಲಿ ರಜೆ ತಾಯಿಗೂ ತಂದೆಗೂ ಸಮಾನ. ಕಾಯಿಲೆ ಬಿದ್ದ ಹೆತ್ತವರ ಸೇವೆಗೂ ಅದು ಸಲ್ಲುತ್ತದೆ. ತಾಯಿತಂದೆಯರ ಸೇವೆಯನ್ನು ಹಿರಿದೆಂದು ಸಾರುವ ನಮ್ಮ ದೇಶದ ಕಾನೂನಿನಲ್ಲಿ ಈ ಅಂಶ ಬರಬೇಕಾಗಿದೆ.

ಕಾನೂನು ಮುಟ್ಟದ ಮನೆಗಳು

ಮೇಲೆ ಹೇಳಿದ ಹಕ್ಕುಗಳೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ನಮ್ಮ ಹೊಲದಲ್ಲಿ ಕಳೆ ಕೀಳುವ, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ರೊಟ್ಟಿ ಬಡಿದುಕೊಡುವ ಹೆಣ್ಣುಮಕ್ಕಳಿಗೆ 26 ವಾರಗಳ ಮಾತು ಮುಟ್ಟುವುದಿಲ್ಲ. ಅಂಥವರಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ ಮೊದಲ ಮಗುವಿಗೆ ₹5,000, ಎರಡನೆಯದು ಹೆಣ್ಣಾದರೆ ₹6,000 ದೊರೆಯುತ್ತದೆ. ಅಂಗನವಾಡಿಯಲ್ಲಿ ಅರ್ಜಿ ಕೊಡಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಮಹಿಳೆಯರಿಗೆ ಹೆರಿಗೆಯ ಸಹಾಯಧನವಿದೆ. ಮಾತೃವಂದನೆಯ ಮೊತ್ತ ಒಂದೆರಡು ತಿಂಗಳ ಕೂಲಿಗೂ ಸಾಲದು. ಉಳಿದುದನ್ನು ಕೊಡಬೇಕಾದವರು ಅವರ ದುಡಿಮೆಯನ್ನು ಉಣ್ಣುವ ನಾವೇ.

ಆದುದರಿಂದ ಪ್ರತಿಯೊಂದು ಕುಟುಂಬಕ್ಕೂ ನಮ್ಮದು ಕೆಲವು ಸೂಚನೆಗಳು. ಮಗಳು ಅಥವಾ ಸೊಸೆ ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರವನ್ನು ಮನೆಯ ಹಿರಿಯರೊಬ್ಬರು ಓದಿ ನೋಡಲಿ. ತಾರೀಖಿಲ್ಲದ ಯಾವ ಕಾಗದಕ್ಕೂ ಸಹಿ ಹಾಕಗೊಡಬೇಡಿ. ಹೆರಿಗೆ ರಜೆಯ ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಹೆರಿಗೆಗೆ ಮುನ್ನ ಕೊಡಲಾಗದಿದ್ದರೆ ಅನಂತರವೂ ಕೊಡಬಹುದು. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಎಂಬತ್ತು ದಿನದ ದುಡಿಮೆಗೆ ಅವೇ ಸಾಕ್ಷಿ. ರಜೆ ನಿರಾಕರಿಸಿದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಲು ಹಿಂಜರಿಯಬೇಡಿ. ಸಂಸ್ಥೆ ನಡೆಸುವವರು ಮುಂದಿನ ಸಭೆಯಲ್ಲಿಯೇ ಹೆರಿಗೆಯ, ಪಿತೃತ್ವದ, ಕಾಯಿಲೆಯ ರಜೆಗಳ ನಿಯಮವನ್ನು ಬರೆದು ಅಂಗೀಕರಿಸಿ, ನೌಕರರು ಕಾಣುವಲ್ಲಿ ತೂಗುಹಾಕಲಿ. ಮನೆಗೆಲಸದವಳು ಹೆರಿಗೆಗೆ ಹೋದಾಗ ಕನಿಷ್ಠ ಮೂರು ತಿಂಗಳ ಸಂಬಳವನ್ನು ಕೊಟ್ಟು, ಅವಳು ಬರುವವರೆಗೆ ಕೆಲಸವನ್ನು ಅವಳಿಗೇ ಕಾಯ್ದಿರಿಸುವ ಪದ್ಧತಿಯನ್ನು ಗೃಹಿಣಿಯರು ಆರಂಭಿಸಲಿ. ಈ ಕೊನೆಯ ಮಾತನ್ನು ಯಾವ ಕಾನೂನೂ ಹೇಳಿಲ್ಲ. ಯಾವ ಕಾನೂನೂ ತಡೆದಿಲ್ಲ.

ವಿಶ್ರಾಂತಿ, ಅನ್ನ, ಮರಳಿ ಬರುವ ಸ್ಥಾನ: ಮನೆಯ ಮಗಳಿಗೆ ನಾವು ಪ್ರೀತಿಯಿಂದ ಕೊಡುತ್ತ ಬಂದ ಈ ಮೂರನ್ನು, ನಮ್ಮಲ್ಲಿ ದುಡಿಯುವ ಬೇರೆ ಮನೆಯ ಮಗಳಿಗೂ ಅವಳು ಕೇಳುವ ಮುನ್ನವೇ ಸಲ್ಲಿಸೋಣ. ಈ ತಿಂಗಳು ಅಂಥ ಅರ್ಜಿಯೊಂದು ತಮ್ಮ ಮುಂದೆ ಬಂದರೆ, ಅದರ ಮೇಲೆ ‘ಮಂಜೂರು’ ಎಂದು ಬರೆಯಲು ಮರುದಿನದವರೆಗೆ ತಡೆಯಬೇಡಿ.